ಸಕ್ಕರೆ ಕಾಯಿಲೆಯ ಬೆನ್ನಿಗೇ ಖಿನ್ನತೆ: ಗುರುತಿಸುವುದು ಹೇಗೆ? ಪರಿಹಾರವೇನು?

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನಡೆಯುವವರಲ್ಲಿ ವೈದ್ಯರ ಸಲಹೆಯಂತೆ ಬಂದವರು ಹಲವರು. ‘ಉಪವಾಸದಲ್ಲಿ ಎಷ್ಟು ಬಂತು? ಊಟವಾದ ಮೇಲೆ ಎಷ್ಟು?’ ಎಂಬ ವಿಚಾರಣೆ ನಡಿಗೆಯ ನಡುವೆ ಸಲೀಸಾಗಿ ನಡೆಯುತ್ತದೆ. ‘ಮನಸ್ಸು ಹೇಗಿದೆ?’ ಎಂಬ ಪ್ರಶ್ನೆ ಮಾತ್ರ ಅಪರೂಪ. ಹದಿನೈದು ದಿನಗಳಿಂದ ನಡಿಗೆಗೆ ಬಾರದ ಗೆಳೆಯನ ಹೆಸರಿನ ಮುಂದೆ ‘ಸೋಮಾರಿ’ ಎಂಬ ಷರಾ ಬೀಳುತ್ತದೆ. ಅದು ಸೋಮಾರಿತನವಲ್ಲದೆ ಖಿನ್ನತೆಯಾಗಿರುವ ಸಾಧ್ಯತೆಯೂ ಇದೆಯೆಂಬುದು ಗೆಳೆಯರಿಗಾಗಲಿ, ಮನೆಯವರಿಗಾಗಲಿ, ಕೆಲವೊಮ್ಮೆ ವೈದ್ಯರಿಗಾಗಲಿ ಹೊಳೆಯುವುದಿಲ್ಲ.

ಮಧುಮೇಹ ಕಣ್ಣು, ಮೂತ್ರಪಿಂಡ, ಹೃದಯ ಮತ್ತು ಪಾದಗಳಿಗೆ ಮಾಡುವ ಹಾನಿಯ ಬಗ್ಗೆ ಸಾಕಷ್ಟು ತಿಳಿವಳಿಕೆ ಮೂಡಿದೆ. ಮನಸ್ಸಿನ ಮೇಲೆ ಅದು ಬೀರುವ ಪರಿಣಾಮಕ್ಕೆ ಅಷ್ಟು ಗಮನ ಸಿಕ್ಕಿಲ್ಲ. ಮಧುಮೇಹಿಗಳಲ್ಲಿ ಕಾಣಿಸಿಕೊಳ್ಳುವ ಖಿನ್ನತೆ ಸಾಮಾನ್ಯವಾದದ್ದು, ಅಪಾಯಕಾರಿಯಾದದ್ದು, ಹಾಗೆಯೇ ಚಿಕಿತ್ಸೆಗೆ ಒಗ್ಗುವಂಥದ್ದು. ಅದನ್ನು ಸಕಾಲದಲ್ಲಿ ಗುರುತಿಸುವುದೊಂದೇ ಕಷ್ಟದ ಕೆಲಸ.

ಖಿನ್ನತೆ ಎಂದರೇನು?

ದುಃಖ, ಬೇಸರ, ನಿರಾಸೆಗಳು ಎಲ್ಲರ ಬದುಕಿನಲ್ಲಿಯೂ ಬಂದುಹೋಗುತ್ತವೆ. ಕಾರಣ ದೂರವಾದಾಗ ಅಥವಾ ಕಾಲ ಸರಿದಂತೆ ಅವು ಮಾಸುತ್ತವೆ. ಖಿನ್ನತೆ ಹಾಗಲ್ಲ. ಕನಿಷ್ಠ ಎರಡು ವಾರಗಳ ಕಾಲ, ದಿನದ ಹೆಚ್ಚಿನ ವೇಳೆ ಮನಸ್ಸು ಕುಗ್ಗಿರುವುದು ಅಥವಾ ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲಿಯೂ ಆಸಕ್ತಿ ಉಳಿಯದಿರುವುದು ಇದರ ಮುಖ್ಯ ಲಕ್ಷಣ. ಇದರೊಂದಿಗೆ ನಿದ್ರೆ ಮತ್ತು ಹಸಿವಿನಲ್ಲಿ ಏರುಪೇರು, ಸದಾ ಆಯಾಸ, ಏಕಾಗ್ರತೆಯ ಕೊರತೆ, ತಾನು ಯಾವುದಕ್ಕೂ ಬಾರದವನೆಂಬ ಭಾವನೆ, ಮಾತು ಮತ್ತು ಚಲನೆಯಲ್ಲಿ ನಿಧಾನ ಅಥವಾ ಚಡಪಡಿಕೆ, ಸಾವಿನ ಬಗೆಗಿನ ಆಲೋಚನೆ ಮೊದಲಾದವು ಸೇರಿಕೊಂಡು ದಿನನಿತ್ಯದ ಕೆಲಸಗಳಿಗೆ ಅಡ್ಡಿಯಾದಾಗ ವೈದ್ಯರು ಅದನ್ನು ಖಿನ್ನತೆಯ ಕಾಯಿಲೆಯೆಂದು ಪರಿಗಣಿಸುತ್ತಾರೆ.

ನಮ್ಮಲ್ಲಿ ಬಹುಪಾಲು ರೋಗಿಗಳು ‘ನನಗೆ ಖಿನ್ನತೆ’ ಎಂದು ಹೇಳಿಕೊಂಡು ಬರುವುದಿಲ್ಲ. ‘ಯಾಕೋ ಏನೂ ಬೇಡ ಅನಿಸುತ್ತದೆ’, ‘ಕೈಕಾಲು ಸೋಲು’, ‘ಎದೆ ಭಾರ’, ‘ತಲೆಯೆಲ್ಲ ಹಿಡಿದಂತೆ’, ‘ನಿದ್ದೆಯೇ ಇಲ್ಲ’ ಎಂಬ ಮಾತುಗಳಲ್ಲಿ ಅದು ಹೊರಬರುತ್ತದೆ. ಮನಸ್ಸಿನ ನೋವು ದೇಹದ ಭಾಷೆಯಲ್ಲಿ ಮಾತನಾಡುವುದರಿಂದ ಮೊದಲು ನಡೆಯುವುದು ರಕ್ತಪರೀಕ್ಷೆ. ಮನಸ್ಸಿನ ಸರದಿ ಬರುವುದು ತಡವಾಗಿ, ಅಥವಾ ಬರುವುದೇ ಇಲ್ಲ.

ಎಷ್ಟು ಸಾಮಾನ್ಯ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಬೃಹತ್ ಅಧ್ಯಯನದ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 2021ರ ವೇಳೆಗೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದರು. ವಯಸ್ಕರಲ್ಲಿ ಇದು ಶೇ. 11.4ರಷ್ಟು. ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದವರು ಇನ್ನೂ 13.6 ಕೋಟಿ.

ಖಿನ್ನತೆಯ ವಿಷಯದಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮುಖ್ಯವಾದದ್ದು. ಇದರ ಪೂರ್ವಭಾವಿ ಅಧ್ಯಯನ ನಡೆದದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿ. ವಯಸ್ಕರಲ್ಲಿ ಸರಿಸುಮಾರು 20 ಮಂದಿಗೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗುತ್ತಾರೆ ಎಂದು ಈ ಸಮೀಕ್ಷೆ ಕಂಡುಕೊಂಡಿತು. ಖಿನ್ನತೆಯಿದ್ದವರಲ್ಲಿ ಶೇ. 85ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ ಎಂಬುದು ಅದರ ಇನ್ನೊಂದು, ಹೆಚ್ಚು ಕಳವಳಕಾರಿಯಾದ ಅಂಶ.

ಈ ಎರಡು ಕಾಯಿಲೆಗಳು ಒಬ್ಬರಲ್ಲಿಯೇ ಕೂಡಿಕೊಳ್ಳುವುದು ಕಾಕತಾಳೀಯವಲ್ಲ. ಬೇರೆ ಬೇರೆ ದೇಶಗಳ 42 ಅಧ್ಯಯನಗಳನ್ನು ಒಟ್ಟುಗೂಡಿಸಿ 2001ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಮಧುಮೇಹ ಇಲ್ಲದವರಿಗಿಂತ ಇರುವವರಲ್ಲಿ ಖಿನ್ನತೆಯ ಸಂಭವ ಸುಮಾರು ಇಮ್ಮಡಿ ಎಂದು ತೋರಿಸಿತು. ನಂತರದ ಅಧ್ಯಯನಗಳಲ್ಲಿ ಅಂಕಿಗಳು ಹೆಚ್ಚುಕಡಿಮೆಯಾಗಿದ್ದರೂ ಒಟ್ಟು ಚಿತ್ರ ಬದಲಾಗಿಲ್ಲ.

ಮೈಸೂರಿನ ಹಳೆಯ ದಾಖಲೆ ಪುಸ್ತಕಗಳು

ಮಧುಮೇಹ, ಹೃದಯರೋಗ ಮತ್ತು ಇಳಿವಯಸ್ಸಿನ ಮನೋರೋಗ್ಯವನ್ನು ಒಟ್ಟಿಗೆ ನೋಡುವ ಪ್ರಯತ್ನದಲ್ಲಿ ಮೈಸೂರಿಗೆ ವಿಶೇಷ ಸ್ಥಾನವಿದೆ. 1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ‘ಮಿಷನ್ ಆಸ್ಪತ್ರೆ’ ಎಂದೇ ಕರೆಯುತ್ತಾರೆ. ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು 1934ರಿಂದಲೂ ಬರೆದಿಡಲಾಗಿತ್ತು. ಯಾರೋ ಶ್ರದ್ಧೆಯಿಂದ ತುಂಬಿಸಿದ ಆ ದಾಖಲೆಗಳು ದಶಕಗಳ ನಂತರ ವಿಜ್ಞಾನಕ್ಕೆ ಸಂಪತ್ತಾದವು.

1990ರ ದಶಕದಲ್ಲಿ ಆಸ್ಪತ್ರೆಯ ಸಂಶೋಧಕರು ಮತ್ತು ಇಂಗ್ಲೆಂಡಿನ ಸೌತಾಂಪ್ಟನ್‌ನ ವಿಜ್ಞಾನಿಗಳು ಸೇರಿ, ಅಲ್ಲಿ ಹುಟ್ಟಿ ಇನ್ನೂ ಊರಿನಲ್ಲಿಯೇ ನೆಲೆಸಿದ್ದವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಕಡಿಮೆ ತೂಕವಿದ್ದವರಲ್ಲಿ ಹೃದಯರೋಗ ಹೆಚ್ಚೆಂಬ ವರದಿ 1996ರಲ್ಲಿ ಪ್ರಕಟವಾಯಿತು. ಮಧುಮೇಹದ ವಿಷಯದಲ್ಲಿ 1998ರ ವರದಿ ಬೇರೆಯದೇ ಸಂಗತಿ ಹೇಳಿತು. ಹುಟ್ಟುವಾಗ ಉದ್ದ ಕಡಿಮೆಯಿದ್ದು ಮೈತುಂಬಿಕೊಂಡಿದ್ದವರಲ್ಲಿ, ಹೆಚ್ಚು ತೂಕದ ತಾಯಂದಿರಿಗೆ ಹುಟ್ಟಿದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿತ್ತು.

ಇದೇ ದಾಖಲೆಗಳ ಆಧಾರದ ಮೇಲೆ ಮುಂದೆ ‘ಮೈನಾ’ ಎಂಬ ಹೆಸರಿನ ಅಧ್ಯಯನ ರೂಪುಗೊಂಡಿತು. 55ರಿಂದ 80 ವರ್ಷ ವಯಸ್ಸಿನ 721 ಮಂದಿಯನ್ನು ಇದರಲ್ಲಿ ಪರೀಕ್ಷಿಸಲಾಯಿತು. ಅವರ ರಕ್ತದ ಸಕ್ಕರೆ, ಹೃದಯದ ಸ್ಥಿತಿಗಳ ಜೊತೆಗೆ ನೆನಪಿನ ಶಕ್ತಿ ಮತ್ತು ಖಿನ್ನತೆಯನ್ನೂ ಅಳೆದದ್ದು ಈ ಅಧ್ಯಯನದ ವೈಶಿಷ್ಟ್ಯ. ಒಬ್ಬ ಮನುಷ್ಯನ ದೇಹವನ್ನು ಒಂದು ವಿಭಾಗ, ಮನಸ್ಸನ್ನು ಇನ್ನೊಂದು ವಿಭಾಗ ನೋಡುವ ರೂಢಿಗೆ ಬದಲಾಗಿ, ಇಡೀ ಜೀವಮಾನವನ್ನು ಒಟ್ಟಾಗಿ ನೋಡುವ ಕ್ರಮ ಇದು. ಸಂಶೋಧನೆಯಲ್ಲಿ ಸಾಧ್ಯವಾದ ಈ ಕ್ರಮ ದಿನನಿತ್ಯದ ಚಿಕಿತ್ಸೆಗೂ ಬರಬೇಕಾಗಿದೆ.

ಇಬ್ಬದಿಯ ನಂಟು

ಮಧುಮೇಹಕ್ಕೂ ದುಃಖಕ್ಕೂ ಸಂಬಂಧವಿದೆಯೆಂಬ ಊಹೆ ಹೊಸದಲ್ಲ. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್, ದೀರ್ಘಕಾಲದ ದುಃಖವೇ ಈ ರೋಗಕ್ಕೆ ಒಂದು ಕಾರಣವೆಂದು ಭಾವಿಸಿದ್ದ. ಸಂಬಂಧ ಎರಡೂ ಕಡೆಯಿಂದ ಇದೆಯೆಂಬುದು ಇತ್ತೀಚಿನ ದಶಕಗಳಲ್ಲಿ ಸ್ಪಷ್ಟವಾಗಿದೆ. 2008ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಖಿನ್ನತೆಯಿರುವವರಿಗೆ ಮುಂದೆ ಎರಡನೇ ಬಗೆಯ ಮಧುಮೇಹ ಬರುವ ಸಂಭವ ಸುಮಾರು ಶೇ. 60ರಷ್ಟು ಹೆಚ್ಚು. ಮಧುಮೇಹವಿರುವವರಿಗೆ ಹೊಸದಾಗಿ ಖಿನ್ನತೆ ಬರುವ ಸಂಭವ ಶೇ. 15ರಷ್ಟು ಹೆಚ್ಚು.

ಇದಕ್ಕೆ ದೇಹದೊಳಗಿನ ಕಾರಣಗಳಿವೆ. ಖಿನ್ನತೆಯಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್‌ನ ಮಟ್ಟ ಏರಬಹುದು. ಅದು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಿಯುಂಟುಮಾಡಿ ರಕ್ತದಲ್ಲಿ ಸಕ್ಕರೆಯನ್ನು ಹೆಚ್ಚಿಸುತ್ತದೆ. ದೇಹದಲ್ಲಿ ಸಣ್ಣ ಪ್ರಮಾಣದ ಉರಿಯೂತ ಸದಾ ಇರುವುದು ಎರಡೂ ಕಾಯಿಲೆಗಳಲ್ಲಿ ಕಂಡುಬಂದಿದೆ.

ನಡವಳಿಕೆಯ ಕಾರಣಗಳು ಇನ್ನೂ ನೇರವಾದವು. ಮಧುಮೇಹದ ಚಿಕಿತ್ಸೆಯಲ್ಲಿ ವೈದ್ಯರು ಮಾಡುವುದಕ್ಕಿಂತ ರೋಗಿ ಮಾಡಬೇಕಾದದ್ದೇ ಹೆಚ್ಚು. ಹೊತ್ತಿಗೆ ಸರಿಯಾಗಿ ಊಟ, ದಿನವೂ ನಡಿಗೆ, ತಪ್ಪದೆ ಮಾತ್ರೆ, ಇನ್ಸುಲಿನ್ ಚುಚ್ಚಿಕೊಳ್ಳುವುದು, ಪಾದಗಳ ಆರೈಕೆ, ನಿಯತವಾದ ರಕ್ತಪರೀಕ್ಷೆ ಇವೆಲ್ಲಕ್ಕೂ ಉತ್ಸಾಹ ಬೇಕು, ನಾಳೆಯ ಬಗ್ಗೆ ನಂಬಿಕೆ ಬೇಕು. ಖಿನ್ನತೆ ಮೊದಲು ಕಿತ್ತುಕೊಳ್ಳುವುದು ಈ ಎರಡನ್ನೇ. ಮಾತ್ರೆ ತಪ್ಪುತ್ತದೆ, ನಡಿಗೆ ನಿಲ್ಲುತ್ತದೆ, ಸಿಕ್ಕಿದ್ದನ್ನು ತಿನ್ನುವುದು ಅಥವಾ ಏನನ್ನೂ ತಿನ್ನದಿರುವುದು ಶುರುವಾಗುತ್ತದೆ. ಸಕ್ಕರೆ ಏರಿದಾಗ ‘ನನ್ನ ಕೈಯಲ್ಲಿ ಏನೂ ಆಗುವುದಿಲ್ಲ’ ಎಂಬ ಭಾವನೆ ಗಟ್ಟಿಯಾಗುತ್ತದೆ. ಹೀಗೆ ಒಂದು ಇನ್ನೊಂದನ್ನು ಬೆಳೆಸುತ್ತ ಹೋಗುತ್ತದೆ. ಎರಡೂ ಕೂಡಿರುವವರಲ್ಲಿ ಕಣ್ಣು, ನರ, ಮೂತ್ರಪಿಂಡ ಮತ್ತು ಹೃದಯದ ತೊಡಕುಗಳು ಹೆಚ್ಚು, ಆಯಸ್ಸೂ ಕಡಿಮೆಯಾಗಬಹುದು ಎಂದು ಅಧ್ಯಯನಗಳು ತೋರಿಸಿವೆ.

ಲಕ್ಷಣಗಳು ಮರೆಯಾಗುವ ಬಗೆ

ಮಧುಮೇಹಿಯಲ್ಲಿ ಖಿನ್ನತೆಯನ್ನು ಗುರುತಿಸುವುದು ಏಕೆ ಕಷ್ಟವೆಂದರೆ ಎರಡರ ಲಕ್ಷಣಗಳೂ ಒಂದರೊಳಗೊಂದು ಬೆರೆತಿರುತ್ತವೆ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಆಯಾಸವಾಗುತ್ತದೆ, ತೂಕ ಇಳಿಯುತ್ತದೆ, ರಾತ್ರಿ ಪದೇಪದೇ ಮೂತ್ರಕ್ಕೆ ಏಳುವುದರಿಂದ ನಿದ್ರೆ ಕೆಡುತ್ತದೆ. ಇವೇ ಲಕ್ಷಣಗಳು ಖಿನ್ನತೆಯಲ್ಲಿಯೂ ಇವೆ. ಆದ್ದರಿಂದ ರೋಗಿ ‘ಸುಸ್ತು’ ಎಂದಾಗ ‘ಶುಗರ್ ಜಾಸ್ತಿಯಾಗಿರಬೇಕು’ ಎಂಬ ಸಮಾಧಾನ ಸಿದ್ಧವಾಗಿರುತ್ತದೆ.

ಬೇರೆ ಮಾಡಿ ನೋಡಲು ಕೆಲವು ಸುಳಿವುಗಳಿವೆ. ಸಕ್ಕರೆ ಹತೋಟಿಗೆ ಬಂದ ಮೇಲೂ ಆಯಾಸ ಹೋಗದಿದ್ದರೆ, ಮೂತ್ರಕ್ಕೆ ಏಳುವ ಅಗತ್ಯವಿಲ್ಲದಿದ್ದರೂ ನಸುಕಿನಲ್ಲಿಯೇ ಎಚ್ಚರವಾಗಿ ಮತ್ತೆ ನಿದ್ರೆ ಬಾರದಿದ್ದರೆ, ಮೊಮ್ಮಕ್ಕಳ ಮಾತು, ಸಂಗೀತ, ಪತ್ರಿಕೆ, ದೇವಸ್ಥಾನ ಯಾವುದೂ ಹಿತವೆನಿಸದಿದ್ದರೆ, ‘ನಾನು ಮನೆಯವರಿಗೆ ಹೊರೆ’ ಎಂಬ ಮಾತು ಪದೇಪದೇ ಬರುತ್ತಿದ್ದರೆ ಮನಸ್ಸಿನ ಕಡೆ ನೋಡಬೇಕು. ಇದುವರೆಗೆ ಶಿಸ್ತಾಗಿದ್ದವರ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, ಕಾರಣವಿಲ್ಲದೆ ಏರತೊಡಗಿದರೆ ಅದೂ ಒಂದು ಸುಳಿವು.

ಇದಕ್ಕೆ ವಿರುದ್ಧವಾದ ಎಚ್ಚರವೂ ಬೇಕು. ಬೇಸರವೆಲ್ಲ ಖಿನ್ನತೆಯಲ್ಲ. ಥೈರಾಯ್ಡ್ ಗ್ರಂಥಿಯ ಮಂದತೆ, ರಕ್ತಹೀನತೆ, ಬಿ12 ಜೀವಸತ್ವದ ಕೊರತೆ ಇವು ಕೂಡ ಸುಸ್ತು ಮತ್ತು ಮಂಕುತನವನ್ನು ತರುತ್ತವೆ. ಮಧುಮೇಹಕ್ಕೆ ಸಾಮಾನ್ಯವಾಗಿ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ಸೇವಿಸಿದವರಲ್ಲಿ ಬಿ12 ಕಡಿಮೆಯಾಗುವುದುಂಟು. ಸಸ್ಯಾಹಾರಿಗಳಲ್ಲಿ ಈ ಸಂಭವ ಇನ್ನೂ ಹೆಚ್ಚು. ರಕ್ತದ ಸಕ್ಕರೆ ದಿಢೀರನೆ ಇಳಿದಾಗ ಬರುವ ನಡುಕ, ಬೆವರು, ಎದೆಬಡಿತ, ಸಿಡುಕುಗಳು ಆತಂಕದ ಕಾಯಿಲೆಯಂತೆ ತೋರಬಹುದು. ಇವನ್ನೆಲ್ಲ ಸರಳ ರಕ್ತಪರೀಕ್ಷೆಗಳಿಂದ ಬೇರ್ಪಡಿಸಲು ಸಾಧ್ಯ.

ಕಾಯಿಲೆಯ ಬೇಸರ ಬೇರೆ, ಖಿನ್ನತೆ ಬೇರೆ

ಮಧುಮೇಹದೊಂದಿಗೆ ಬದುಕುವುದೇ ತರುವ ಒಂದು ದಣಿವು ಇದೆ. ತಜ್ಞರು ಇದನ್ನು ಖಿನ್ನತೆಯಿಂದ ಪ್ರತ್ಯೇಕವಾಗಿ ಗುರುತಿಸುತ್ತಾರೆ. ಹಬ್ಬದ ಮನೆಯನ್ನು ನೆನೆಸಿಕೊಂಡರೆ ಇದು ಅರ್ಥವಾಗುತ್ತದೆ. ದಸರೆಯ ದಿನ ತಟ್ಟೆಯಲ್ಲಿ ಮೈಸೂರು ಪಾಕ್ ಇಟ್ಟು ‘ಒಂದು ತುಂಡಿಗೆ ಏನಾಗುತ್ತದೆ, ತಗೊಳ್ಳಿ’ ಎಂದು ಒಬ್ಬರು ಒತ್ತಾಯಿಸುತ್ತಾರೆ. ಕೈಗೆತ್ತಿಕೊಂಡೊಡನೆ ‘ಸಕ್ಕರೆ ಕಾಯಿಲೆ ಇಟ್ಟುಕೊಂಡು ಸಿಹಿ ತಿನ್ನುತ್ತೀರಲ್ಲ’ ಎಂದು ಇನ್ನೊಬ್ಬರು ಗದರುತ್ತಾರೆ. ತಿಂದರೂ ತಪ್ಪು, ತಿನ್ನದಿದ್ದರೂ ತಪ್ಪು. ವರ್ಷಗಟ್ಟಲೆ ಹೀಗೆ ಪ್ರತಿ ತುತ್ತಿಗೂ ಲೆಕ್ಕ ಕೊಡಬೇಕಾದವರಿಗೆ ಊಟವೆಂದರೆ ಭಯ, ಆಸ್ಪತ್ರೆಯೆಂದರೆ ಪರೀಕ್ಷೆಯ ಫಲಿತಾಂಶ ಕೇಳುವ ಅಂಜಿಕೆ ಹುಟ್ಟುತ್ತದೆ.

ಈ ಬೇಸರಕ್ಕೆ ಔಷಧಕ್ಕಿಂತ ತಿಳಿವಳಿಕೆ, ಸರಳವಾದ ಪಥ್ಯ, ಸಾಧ್ಯವಾಗುವ ಗುರಿ, ಗದರದೆ ಕೇಳುವ ವೈದ್ಯರು ಮುಖ್ಯ. ಬೇಸರ ಸಕ್ಕರೆ ಕಾಯಿಲೆಯ ಸುತ್ತ ಮಾತ್ರ ಇದ್ದು, ಬದುಕಿನ ಉಳಿದ ಸಂಗತಿಗಳಲ್ಲಿ ಸಂತೋಷ ಉಳಿದಿದ್ದರೆ ಅದು ಬಹುಶಃ ಖಿನ್ನತೆಯಲ್ಲ. ಎಲ್ಲದರ ಮೇಲೂ ಮಬ್ಬು ಕವಿದಿದ್ದರೆ ಖಿನ್ನತೆಯ ತಪಾಸಣೆ ಅಗತ್ಯ. ಒಂದು ಇನ್ನೊಂದಕ್ಕೆ ದಾರಿಯಾಗುವುದೂ ಉಂಟು.

ಯಾರಿಗೆ ಹೆಚ್ಚು ಅಪಾಯ?

ಖಿನ್ನತೆ ಯಾವ ಮಧುಮೇಹಿಯನ್ನಾದರೂ ಕಾಡಬಹುದು. ಆದರೂ ಕೆಲವರ ಬಗ್ಗೆ ಹೆಚ್ಚಿನ ನಿಗಾ ಬೇಕು.

ಮಹಿಳೆಯರಲ್ಲಿ ಖಿನ್ನತೆ ಪುರುಷರಿಗಿಂತ ಹೆಚ್ಚು. ಮನೆಮಂದಿಗೆಲ್ಲ ಅಡುಗೆ ಮಾಡಿ, ತಮಗೆ ಮಾತ್ರ ಬೇರೆ ಪಥ್ಯ ಮಾಡಿಕೊಳ್ಳಲು ಸಂಕೋಚಪಡುವ ಗೃಹಿಣಿಯರ ಕಷ್ಟ ಯಾವ ರಕ್ತಪರೀಕ್ಷೆಯಲ್ಲಿಯೂ ಕಾಣುವುದಿಲ್ಲ. ಗರ್ಭಿಣಿಯರಲ್ಲಿ ಮಧುಮೇಹ ಕಾಣಿಸಿಕೊಂಡಾಗ ಹೆರಿಗೆಗೆ ಮುಂಚೆ ಮತ್ತು ನಂತರ ಮನಸ್ಸಿನ ಸ್ಥಿತಿಯನ್ನೂ ಗಮನಿಸಬೇಕು.

ಮೊದಲನೇ ಬಗೆಯ ಮಧುಮೇಹವಿರುವ ಮಕ್ಕಳು ಮತ್ತು ಹದಿಹರೆಯದವರು ಬಾಲ್ಯದಿಂದಲೇ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಗುತ್ತದೆ. ಶಾಲೆಯಲ್ಲಿ ಅದನ್ನು ಮುಚ್ಚಿಡುವ ಒತ್ತಡ, ಮುಂದೆ ಮದುವೆಯ ಮಾತುಕತೆಯಲ್ಲಿ ಹೇಳಬೇಕೇ ಬಾರದೇ ಎಂಬ ಚಿಂತೆ ಅವರನ್ನು ಬಾಧಿಸುತ್ತವೆ.

ಮೈಸೂರು ನಿವೃತ್ತರ ನೆಚ್ಚಿನ ಊರು. ಮಕ್ಕಳು ಬೆಂಗಳೂರಿನಲ್ಲಿಯೋ ವಿದೇಶದಲ್ಲಿಯೋ ನೆಲೆಸಿ, ದೊಡ್ಡ ಮನೆಯಲ್ಲಿ ಇಬ್ಬರೇ ಅಥವಾ ಒಬ್ಬರೇ ಉಳಿದ ಹಿರಿಯರು ಎಲ್ಲ ಬಡಾವಣೆಗಳಲ್ಲಿಯೂ ಇದ್ದಾರೆ. ಒಂಟಿತನ, ಸಂಗಾತಿಯ ಅಗಲಿಕೆ, ಸಕ್ಕರೆ ಕಾಯಿಲೆ ಮೂರೂ ಸೇರಿದಲ್ಲಿ ಖಿನ್ನತೆಗೆ ನೆಲ ಹದವಾಗಿರುತ್ತದೆ. ಹಿರಿಯರಲ್ಲಿ ಇದು ಅಳುವಿನ ರೂಪದಲ್ಲಿ ಬಾರದೆ ಮರೆವು, ಸಿಡುಕು, ಮೌನಗಳ ರೂಪದಲ್ಲಿ ಬರುವುದರಿಂದ ‘ವಯಸ್ಸಾಯಿತು’ ಎಂದು ತಳ್ಳಿಹಾಕುವುದೇ ಹೆಚ್ಚು.

ಪಾದಗಳ ಉರಿ ಮತ್ತು ಜೋಮು, ದೃಷ್ಟಿ ಮಂದವಾಗುವುದು, ಡಯಾಲಿಸಿಸ್, ಗಾಯ ಮಾಯದೆ ಬೆರಳು ಅಥವಾ ಕಾಲು ಕಳೆದುಕೊಳ್ಳುವುದು, ಲೈಂಗಿಕ ದೌರ್ಬಲ್ಯ ಇಂಥ ತೊಡಕುಗಳಿಗೆ ಒಳಗಾದವರಲ್ಲಿಯೂ ಅಪಾಯ ಹೆಚ್ಚು. ಕೊನೆಯದನ್ನು ನಾಚಿಕೆಯಿಂದ ಯಾರಿಗೂ ಹೇಳದೆ ಒಳಗೊಳಗೇ ಕುಗ್ಗುವ ಪುರುಷರು ಅನೇಕರು. ಔಷಧ, ಇನ್ಸುಲಿನ್, ತಪಾಸಣೆಗಳ ಖರ್ಚು ತಿಂಗಳ ಆದಾಯವನ್ನು ನುಂಗುವ ಕುಟುಂಬಗಳಲ್ಲಿ ಚಿಂತೆ ಇಮ್ಮಡಿಯಾಗುತ್ತದೆ.

ಪತ್ತೆ ಹಚ್ಚುವುದು ಹೇಗೆ?

ಖಿನ್ನತೆಯನ್ನು ತೋರಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಕೇಳಿ ತಿಳಿದುಕೊಳ್ಳುವುದೇ ದಾರಿ. ಮೊದಲ ಹೆಜ್ಜೆಯಾಗಿ ಎರಡೇ ಪ್ರಶ್ನೆಗಳು ಸಾಕು. ಕಳೆದ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿದಂತೆ, ಭರವಸೆ ಕಳೆದುಕೊಂಡಂತೆ ಅನಿಸಿದೆಯೇ? ಮಾಡುವ ಕೆಲಸಗಳಲ್ಲಿ ಆಸಕ್ತಿ ಅಥವಾ ಸಂತೋಷ ಕಡಿಮೆಯಾಗಿದೆಯೇ? ಎರಡರಲ್ಲಿ ಒಂದಕ್ಕಾದರೂ ‘ಬಹುತೇಕ ದಿನಗಳಲ್ಲಿ’ ಎಂಬ ಉತ್ತರ ಬಂದರೆ ವಿವರವಾದ ವಿಚಾರಣೆ ಬೇಕು.

ಇದಕ್ಕಾಗಿ ಜಗತ್ತಿನಾದ್ಯಂತ ಬಳಕೆಯಲ್ಲಿರುವುದು ‘ಪಿಎಚ್‌ಕ್ಯೂ-9’ ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ. ಪ್ರತಿ ಉತ್ತರಕ್ಕೆ 0ಯಿಂದ 3 ಅಂಕ, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ವೈದ್ಯರ ತಪಾಸಣೆ ಅಗತ್ಯ. ಇದು ಕೇವಲ ಜರಡಿ, ರೋಗನಿರ್ಣಯವಲ್ಲ. ಉತ್ತರಗಳ ಹಿಂದಿನ ಕಥೆಯನ್ನು ಕೇಳಿ ನಿರ್ಧರಿಸಬೇಕಾದವರು ವೈದ್ಯರು. ಮಧುಮೇಹ ಪತ್ತೆಯಾದಾಗ, ಆಮೇಲೆ ವರ್ಷಕ್ಕೊಮ್ಮೆ, ಹೊಸ ತೊಡಕು ಕಾಣಿಸಿಕೊಂಡಾಗ ಮತ್ತು ಇನ್ಸುಲಿನ್ ಆರಂಭಿಸುವಾಗ ಈ ವಿಚಾರಣೆ ನಡೆಯುವುದು ಒಳಿತು. ವರ್ಷಕ್ಕೊಮ್ಮೆ ಕಣ್ಣು, ಪಾದಗಳ ಪರೀಕ್ಷೆಯೊಂದಿಗೆ ಇದನ್ನು ಸೇರಿಸಿಕೊಳ್ಳಲು ಐದು ನಿಮಿಷವೂ ಬೇಕಾಗಿಲ್ಲ.

ಚಿಕಿತ್ಸೆ

ಸೌಮ್ಯವಾದ ಖಿನ್ನತೆಗೆ ಆಪ್ತಸಮಾಲೋಚನೆ, ಮಾತಿನ ಚಿಕಿತ್ಸೆ ಮತ್ತು ದಿನಚರಿಯ ಮರುಜೋಡಣೆ ಸಾಕಾಗಬಹುದು. ‘ಒಮ್ಮೆ ಸಕ್ಕರೆ ಏರಿತು, ಎಲ್ಲ ಮುಗಿಯಿತು’ ಎಂಬಂಥ ಯೋಚನೆಗಳನ್ನು ಗುರುತಿಸಿ ತಿದ್ದಿಕೊಳ್ಳುವುದನ್ನು ಈ ಚಿಕಿತ್ಸೆಯಲ್ಲಿ ಕಲಿಸಲಾಗುತ್ತದೆ. ಮನಸ್ಸು ಸರಿಹೋದ ಮೇಲೆ ಕೆಲಸ ಮಾಡೋಣವೆಂದು ಕಾಯದೆ, ಚಿಕ್ಕ ಕೆಲಸದಿಂದ ಆರಂಭಿಸಿ ಮನಸ್ಸನ್ನು ಎಬ್ಬಿಸುವುದು ಇದರ ಇನ್ನೊಂದು ವಿಧಾನ. ಬೀದಿಯ ತುದಿಯವರೆಗಿನ ನಡಿಗೆಯೂ ಆರಂಭವೇ. ನಡಿಗೆ ಸಕ್ಕರೆಯನ್ನೂ ಇಳಿಸುತ್ತದೆ, ಮನಸ್ಸನ್ನೂ ಹಗುರಗೊಳಿಸುತ್ತದೆ. ಯೋಗ, ಪ್ರಾಣಾಯಾಮಗಳೂ ಸಹಾಯಕ. ಆದರೆ ಇವು ಚಿಕಿತ್ಸೆಗೆ ಪೂರಕವೇ ಹೊರತು ತೀವ್ರ ಖಿನ್ನತೆಗೆ ಇವಷ್ಟೇ ಸಾಲವು.

ಮಧ್ಯಮ ಮತ್ತು ತೀವ್ರ ಖಿನ್ನತೆಗೆ ಔಷಧ ಬೇಕಾಗುತ್ತದೆ. ಸರ್ಟ್ರಾಲಿನ್, ಎಸಿಟಾಲೊಪ್ರಾಮ್, ಫ್ಲುಯೊಕ್ಸೆಟಿನ್ ಮೊದಲಾದವು ಮಧುಮೇಹಿಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿವೆ. ಫ್ಲುಯೊಕ್ಸೆಟಿನ್ ಆರಂಭಿಸಿದಾಗ ಸಕ್ಕರೆ ಇಳಿಯುವುದುಂಟು, ಆದ್ದರಿಂದ ಇನ್ಸುಲಿನ್ ಅಥವಾ ಮಾತ್ರೆಯ ಪ್ರಮಾಣವನ್ನು ಸರಿಹೊಂದಿಸಬೇಕಾಗಬಹುದು. ಅಮಿಟ್ರಿಪ್ಟಿಲಿನ್, ಮಿರ್ಟಾಜಪಿನ್ ಮುಂತಾದವು ಹಸಿವು ಮತ್ತು ತೂಕವನ್ನು ಹೆಚ್ಚಿಸಬಹುದು. ಖಿನ್ನತೆಯೊಂದಿಗೆ ಪಾದಗಳ ನರನೋವೂ ಇದ್ದಲ್ಲಿ ಡುಲೊಕ್ಸೆಟಿನ್ ಎರಡಕ್ಕೂ ಉಪಯೋಗವಾಗುವುದುಂಟು. ಯಾವುದು ಯಾರಿಗೆ ಎಂಬುದು ವೈದ್ಯರ ತೀರ್ಮಾನ. ಹಾಗಾಗಿ ಮನೋವೈದ್ಯರಿಗೆ ಸಕ್ಕರೆ ಕಾಯಿಲೆಯ ಔಷಧಗಳ ಚೀಟಿಯನ್ನೂ, ಮಧುಮೇಹ ವೈದ್ಯರಿಗೆ ಮನೋವೈದ್ಯರ ಚೀಟಿಯನ್ನೂ ತಪ್ಪದೆ ತೋರಿಸಬೇಕು.

ಈ ಔಷಧಗಳು ಮಾರನೆಯ ದಿನವೇ ಫಲ ಕೊಡುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ. ಗುಣವಾಯಿತೆಂದು ತಾವಾಗಿಯೇ ನಿಲ್ಲಿಸುವುದು ಸಾಮಾನ್ಯ ತಪ್ಪು. ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರ ಸಲಹೆಯಂತೆ ಹಂತಹಂತವಾಗಿ ಕಡಿಮೆ ಮಾಡಬೇಕು. ‘ಒಮ್ಮೆ ಶುರುಮಾಡಿದರೆ ಚಟವಾಗುತ್ತದೆ’ ಎಂಬ ಭಯಕ್ಕೆ ಈ ಗುಂಪಿನ ಔಷಧಗಳ ವಿಷಯದಲ್ಲಿ ಆಧಾರವಿಲ್ಲ. ಜನ ಆ ಭಯವನ್ನು ನಿದ್ರೆ ಮಾತ್ರೆಗಳಿಂದ ತಂದು ಇವಕ್ಕೆ ಅಂಟಿಸಿದ್ದಾರೆ.

ಎರಡಕ್ಕೂ ಒಂದೇ ಕಡೆ ಚಿಕಿತ್ಸೆ

ಖಿನ್ನತೆಗೆ ಮಾತ್ರ ಚಿಕಿತ್ಸೆ ಕೊಟ್ಟರೆ ಸಕ್ಕರೆ ತಾನಾಗಿಯೇ ಇಳಿಯುವುದೆಂಬ ಖಾತ್ರಿಯಿಲ್ಲ. ಸಕ್ಕರೆ ಹತೋಟಿಗೆ ಬಂದರೆ ಮನಸ್ಸು ತಾನಾಗಿಯೇ ಅರಳುವುದೆಂಬ ಖಾತ್ರಿಯೂ ಇಲ್ಲ. ಎರಡನ್ನೂ ಒಟ್ಟಿಗೆ ನಿಭಾಯಿಸಬೇಕು. ಇದು ನಮ್ಮ ದೇಶದ ಆಸ್ಪತ್ರೆಗಳಲ್ಲಿ ಸಾಧ್ಯವೇ ಎಂಬ ಪ್ರಶ್ನೆಗೆ ಬೆಂಗಳೂರು, ಚೆನ್ನೈ, ದೆಹಲಿ ಮತ್ತು ವಿಶಾಖಪಟ್ಟಣದ ನಾಲ್ಕು ಚಿಕಿತ್ಸಾಲಯಗಳಲ್ಲಿ ನಡೆದ ಪ್ರಯೋಗವೊಂದು ಉತ್ತರ ನೀಡಿತು.

ಸಕ್ಕರೆ, ರಕ್ತದೊತ್ತಡ ಅಥವಾ ಕೊಲೆಸ್ಟರಾಲ್ ಹತೋಟಿಯಲ್ಲಿಲ್ಲದ, ಖಿನ್ನತೆಯ ಲಕ್ಷಣಗಳೂ ಇದ್ದ 404 ಮಧುಮೇಹಿಗಳು ಅದರಲ್ಲಿ ಪಾಲ್ಗೊಂಡಿದ್ದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ ಮುಂದುವರಿಯಿತು. ಇನ್ನೊಂದು ಗುಂಪಿನವರನ್ನು ತರಬೇತಿ ಪಡೆದ ಆರೋಗ್ಯ ಸಹಾಯಕರು ನಿಯತವಾಗಿ ಮಾತನಾಡಿಸಿ, ಮನಸ್ಸು ಹೇಗಿದೆ, ಮಾತ್ರೆ ತಪ್ಪಿತೇ ಎಂದು ವಿಚಾರಿಸುತ್ತಿದ್ದರು. ಅವರ ವಿವರಗಳನ್ನು ಮನೋವೈದ್ಯರು ಮತ್ತು ಮಧುಮೇಹ ತಜ್ಞರು ಒಟ್ಟಿಗೆ ಕುಳಿತು ಪರಿಶೀಲಿಸುತ್ತಿದ್ದರು. ಈ ಹೆಚ್ಚುವರಿ ಆರೈಕೆ ನಡೆದದ್ದು 12 ತಿಂಗಳು. ಎರಡು ವರ್ಷಗಳ ಕೊನೆಗೆ ನೋಡಿದಾಗ, ಖಿನ್ನತೆ ಅರ್ಧಕ್ಕಿಳಿದು ಜೊತೆಗೆ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿದ್ದವರು ಈ ಗುಂಪಿನಲ್ಲಿ ಶೇ. 71.6, ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇ. 57.4. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಇದಕ್ಕೆ ಹೊಸ ಔಷಧವಾಗಲಿ, ದುಬಾರಿ ಯಂತ್ರವಾಗಲಿ ಬೇಕಾಗಲಿಲ್ಲ. ಬೇಕಾದದ್ದು ಬಿಡದೆ ವಿಚಾರಿಸುವ ಒಬ್ಬ ಮನುಷ್ಯ ಮತ್ತು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುವ ವೈದ್ಯರು.

ಮನೆಯವರ ಪಾತ್ರ

ಮನೆಯಲ್ಲಿ ಸಾಮಾನ್ಯವಾಗಿ ನಡೆಯುವುದು ಕಾವಲು. ‘ಅಪ್ಪಾ, ಮತ್ತೆ ಸಿಹಿ ತಿಂದ್ರಾ?’, ‘ಅಮ್ಮಾ, ಇವತ್ತೂ ವಾಕಿಂಗ್ ಹೋಗಲಿಲ್ವಾ?’ ಎಂಬ ಪ್ರಶ್ನೆಗಳ ಹಿಂದೆ ಪ್ರೀತಿಯೇ ಇರುತ್ತದೆ. ಖಿನ್ನತೆಯಲ್ಲಿರುವವರ ಕಿವಿಗೆ ಮಾತ್ರ ಅವು ಆರೋಪಗಳಾಗಿ ಕೇಳಿಸುತ್ತವೆ. ‘ಧೈರ್ಯ ತಂದುಕೋ’, ‘ನಿನಗೇನು ಕಡಿಮೆಯಾಗಿದೆ?’ ಎಂಬ ಮಾತುಗಳಿಂದಲೂ ಪ್ರಯೋಜನವಿಲ್ಲ. ಖಿನ್ನತೆ ಮನೋಬಲದ ಕೊರತೆಯಲ್ಲ. ಮಧುಮೇಹಿಗೆ ‘ಇನ್ಸುಲಿನ್ ತಂದುಕೋ’ ಎಂದು ಉಪದೇಶಿಸಿದರೆ ಹೇಗೋ ಇದೂ ಹಾಗೆಯೇ.

ಬದಲಿಗೆ ಜೊತೆಯಲ್ಲಿ ನಡೆಯಲು ಹೋಗುವುದು, ಮನೆಮಂದಿಗೆಲ್ಲ ಒಂದೇ ಬಗೆಯ ಹಿತವಾದ ಅಡುಗೆ ಮಾಡುವುದು, ಸಲಹೆ ಕೊಡುವ ಮುನ್ನ ಪೂರ್ತಿ ಕೇಳುವುದು, ವೈದ್ಯರ ಬಳಿಗೆ ಒಟ್ಟಿಗೆ ಹೋಗುವುದು ಹೆಚ್ಚು ನೆರವಾಗುತ್ತವೆ. ದೂರದ ಊರಿನಲ್ಲಿರುವ ಮಕ್ಕಳು ಫೋನಿನಲ್ಲಿ ‘ಶುಗರ್ ಎಷ್ಟು?’ ಎಂದು ಕೇಳುವುದಕ್ಕೆ ಮೊದಲು ‘ಹೇಗಿದ್ದೀರಿ? ಯಾರ ಜೊತೆ ಮಾತನಾಡಿದಿರಿ?’ ಎಂದು ಕೇಳಬಹುದು. ಮನೆಯವರೂ ದಣಿಯುತ್ತಾರೆಂಬುದನ್ನು ಮರೆಯಬಾರದು. ಅವರಿಗೂ ಬಿಡುವು ಬೇಕು.

ತುರ್ತು ಸಂದರ್ಭ

‘ಬದುಕಿ ಏನು ಪ್ರಯೋಜನ’, ‘ನಾನು ಹೋದರೆ ನಿಮಗೆಲ್ಲ ನಿಶ್ಚಿಂತೆ’ ಎಂಬ ಮಾತುಗಳನ್ನು ಯಾವ ಕಾರಣಕ್ಕೂ ಲಘುವಾಗಿ ತೆಗೆದುಕೊಳ್ಳಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ಮೃದುವಾಗಿ, ನೇರವಾಗಿ ಕೇಳುವುದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. ಬದಲಿಗೆ, ಹೇಳಿಕೊಳ್ಳಲು ದಾರಿ ತೆರೆಯುತ್ತದೆ. ಅವರನ್ನು ಒಂಟಿಯಾಗಿ ಬಿಡಬಾರದು. ಇನ್ಸುಲಿನ್ ಮತ್ತು ಮಾತ್ರೆಗಳ ಉಸ್ತುವಾರಿಯನ್ನು ಮನೆಯವರು ವಹಿಸಿಕೊಳ್ಳಬೇಕು. ಅದೇ ದಿನ ವೈದ್ಯರನ್ನು ಕಾಣಬೇಕು. ಇನ್ಸುಲಿನ್ ತೆಗೆದುಕೊಳ್ಳುವುದನ್ನು ಅಥವಾ ಊಟವನ್ನು ಸಂಪೂರ್ಣ ನಿಲ್ಲಿಸಿದ್ದರೆ ಅದೂ ತುರ್ತು ಸ್ಥಿತಿಯೇ.

ನೆರವು ಎಲ್ಲಿ?

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮನಸ್’ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಆಂಬುಲೆನ್ಸ್‌ಗೆ 108.

ಮೈಸೂರು ನಗರದಲ್ಲಿ, 1924ರಲ್ಲಿ ಸ್ಥಾಪನೆಯಾದ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆಯಲ್ಲಿಯೂ ಜೆಎಸ್‌ಎಸ್ ಆಸ್ಪತ್ರೆಯಲ್ಲಿಯೂ ಮನೋವೈದ್ಯಕೀಯ ವಿಭಾಗಗಳಿವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕಲ್ಪನೆ ಮೊಳಕೆಯೊಡೆದದ್ದೇ ನಮ್ಮ ರಾಜ್ಯದಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2014ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ‘ಮನೋಚೈತನ್ಯ’ ಯೋಜನೆಯಡಿ ತಜ್ಞರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ರೋಗಿಗಳನ್ನು ನೋಡುವ ವ್ಯವಸ್ಥೆ ರೂಪುಗೊಂಡಿತು.

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮಾನಸಿಕ ಆರೋಗ್ಯ ಸೇವೆ ಪಡೆಯುವುದು ನಾಗರಿಕರ ಹಕ್ಕು. ದೈಹಿಕ ಕಾಯಿಲೆಗಳಿಗೆ ಇರುವಂತೆಯೇ ಮಾನಸಿಕ ಕಾಯಿಲೆಗಳಿಗೂ ವಿಮಾ ಕಂಪನಿಗಳು ಆರೋಗ್ಯ ವಿಮೆಯ ಸೌಲಭ್ಯ ಒದಗಿಸಬೇಕೆಂದು ಈ ಕಾಯ್ದೆ ಹೇಳುತ್ತದೆ.

ಮನೋವೈದ್ಯರ ಬಳಿಗೆ ಹೋಗಲು ಹಿಂಜರಿಯುವವರು ಮೊದಲು ತಮ್ಮ ಸಕ್ಕರೆ ಕಾಯಿಲೆಯ ವೈದ್ಯರಿಗೇ ಹೇಳಬಹುದು. ಮುಂದಿನ ಬಾರಿ ರಕ್ತಪರೀಕ್ಷೆಯ ಚೀಟಿಯನ್ನು ಮೇಜಿನ ಮೇಲಿಟ್ಟಾಗ, ‘ಇತ್ತೀಚೆಗೆ ಮನಸ್ಸೂ ಸರಿಯಿಲ್ಲ’ ಎಂಬ ಒಂದು ವಾಕ್ಯ ಸೇರಿಸಿದರೆ ಚಿಕಿತ್ಸೆಗೆ ಅದೇ ಆರಂಭ.